ಸೌಟಿನ ಸವೆದ ಅಂಚು

ನನ್ನ ಕಪಾಟಿನಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗವಿದೆ. ಅವ್ವನ ಹೆಸರು ಕೆತ್ತಿದ ಹಿತ್ತಾಳೆ ಸೌಟಿಗೂ ಹೋದ ವರ್ಷ ಜಾಗ ಮಾಡಿದ್ದೆ. ಅದು ಸಿಕ್ಕಿದ್ದು ಪಕ್ಕದ ಮನೆಯಲ್ಲಿ. ಅಲ್ಲಿದ್ದ, ನಾವೆಲ್ಲ ಚಿಕ್ಕಮ್ಮನೆಂಬಂತೆ ಖಾಲಾ ಎಂದು ಕರೆಯುತ್ತಿದ್ದ ಮುದುಕಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ, ಹೆಸರು ನೋಡಿ ನಾನೇ ಎತ್ತಿಕೊಂಡು ಬಂದೆ. ಮದುವೆಗೆ ಕೊಟ್ಟ ಪಾತ್ರೆಗಳಿಗೆಲ್ಲ ಹೆಸರು ಹಾಕಿಸುವುದು ನಮ್ಮ ಕಡೆಯ ರೂಢಿ, ಎರವಲು ಹೋದದ್ದು ಮರಳಿ ಬರಲೆಂದು.

ಇಜೇರಿ ಊರಿಗೆ ಮದುವೆ ಮಾಡಿಕೊಟ್ಟಿದ್ದ ಖಾಲಾಳ ಮಗಳು ಅದನ್ನು ಕೇಳಲು ಬಂದಳು.

"ಅಣ್ಣಾರ, ಅದು ನಮ್ಮ ಅಮ್ಮೀದ್ರಿ. ಅಕೀದು ಅಂತ ನನ್ನ ಹತ್ರ ಬ್ಯಾರೆ ಏನೂ ಉಳದಿಲ್ಲ."

"ಹೆಸರು ಓದು ಬೇ," ಎಂದೆ.

ಓದಿದಳು. ಚಹಾ ಮುಟ್ಟದೆ ಎದ್ದು ಹೋದಳು.

ಈ ಚಳಿಗಾಲ ಮಣ್ಣೂರಿನ ಭೀಮಾ ದಂಡೆಯಲ್ಲಿ ಹಳೆಯ ಊರೊಂದನ್ನು ಅಗೆಯುತ್ತಿದ್ದಾರೆಂದು ಕೇಳಿ ನೋಡಲು ಹೋದೆ. ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ದಾರ ಕಟ್ಟಿದ ಚೌಕದ ತಳದಲ್ಲಿ ಯಾರದೋ ಅಡುಗೆಮನೆಯ ನೆಲ, ಒಲೆಯ ಬೂದಿ. ಮನೆಯಾಕೆ ಈಗಷ್ಟೇ ನೀರಿಗೆ ಎದ್ದು ಹೋದಂತಿತ್ತು. ಅಗೆಸುತ್ತಿದ್ದ ಅಧಿಕಾರಿ ಹೆಣ್ಣುಮಗಳು ಒಂದು ಮಡಕೆ ಚೂರು ತೋರಿಸಿದರು. ಮೇಲೆ ಮೂರು ಗೀರು.

"ಸುಟ್ಟ ಮ್ಯಾಲೆ ಗೀರಿದ್ದು ನೋಡ್ರಿ ಸರ್. ಕುಂಬಾರಂದಲ್ಲ, ಮಡಕಿ ಇಟ್ಕೊಂಡವ್ರ ಗುರುತಿರಬಹುದು."

"ಅಂದ್ರ ಮಾಲಕರು ಸಿಕ್ಕಂಗಾತು."

"ಎಲ್ಲಿ ಸಿಕ್ಕಾರ್ರಿ! ಗುರುತು ಒಬ್ರು ಹಾಕ್ತಾರ, ಮಡಕಿ ಹತ್ತು ಮನಿ ತಿರಗ್ತದ. ಅದಕ್ಕ ಯಾರ ಮನಿ ನೆಲದಾಗ ಸಿಕ್ತು, ಯಾವ ಕಡೆ ಸವದದ, ಅದನ್ನೂ ನೋಡಾಕತ್ತೇವಿ."

ಮರಳುವ ಬಸ್ಸಿನಲ್ಲಿ ಕಣ್ಣು ಮುಚ್ಚಿದೆ. ಗೋಡೆಯಾಚೆ ಖಾಲಾ ಬೋಗುಣಿಯ ತಳ ಕೆರೆಯುವ ಸದ್ದು ತೇಲಿ ಬಂತು. ಆಕೆ ಎಡಗೈಯವಳು. ಬಲಗೈಯ ನಮ್ಮವ್ವ "ಏನ್ ಕುದಸಾಕತ್ತಿ ಎಡಚಿ?" ಎಂದು ಕಾಡಿಸಿದರೆ ಅಲ್ಲಿಂದಲೇ ನಗುತ್ತಿದ್ದಳು.

ಮನೆಗೆ ಬಂದವನೇ ಸೌಟು ಇಳಿಸಿದೆ. ಬಲಗೈಯಲ್ಲಿ ಹಿಡಿದು ಬೋಗುಣಿಯ ತಳ ಕೆರೆದರೆ ಸವೆದ ಅಂಚು ಮೇಲೆಯೇ ಉಳಿಯಿತು. ಎಡಗೈಗೆ ಬದಲಿಸಿದೆ. ಅಂಚು ತಳಕ್ಕೆ ಅಂಟಿ ಕೂತಿತು. ಅವ್ವ ಅದನ್ನು ಯಾವಾಗ ಕೊಟ್ಟಳೋ ತಿಳಿಯದು. ಹಿತ್ತಾಳೆ ಅಷ್ಟು ಸವೆಯಲು ಒಂದು ಆಯುಷ್ಯ ಬೇಕು.

ಮರುದಿನ ಇಜೇರಿಗೆ ಹೋಗಿ ಸೌಟನ್ನು ಅವಳ ಮುಂದಿಟ್ಟೆ.

"ಮತ್ತೊಮ್ಮೆ ಹೆಸರು ಓದಸಾಕ ಬಂದ್ರೇನ್ರಿ, ಅಣ್ಣಾರ?"

"ಹೆಸರು ನಾನೂ ಓದಿದ್ದೆ ಬೇ. ಅಂಚು ನೋಡಿರ್ಲಿಲ್ಲ. ಇದು ನಿಮ್ಮ ಅಮ್ಮೀದು."

ಅವಳು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಒಲೆಯ ಮೇಲಿದ್ದ ಬೋಗುಣಿಗೆ ಸೌಟು ಇಳಿಸಿದಳು. ಆ ಕೆರೆಯುವ ಸದ್ದು ಎದ್ದಿತು. ಹೊರಗೆ ನನ್ನ ನಾಲ್ಕು ಗಂಟೆಯ ಬಸ್ಸು ಹಾರ್ನ್ ಹಾಕಿ ಹೊರಟುಹೋಯಿತು. ನಾನು ಏಳಲಿಲ್ಲ.