ಐವತ್ತೈದು ಯಾವ ಸಾಲಿಗೆ?

ನಮ್ಮ ಚಿಕ್ಕಮ್ಮನಿಗೆ ಆಸ್ಪತ್ರೆಯಲ್ಲಿ ‘ಕೋಷ್ಟಕದಮ್ಮ’ ಎಂದೇ ಅಡ್ಡಹೆಸರು. ಕಿವಿ ಪರೀಕ್ಷೆಯ ಚೀಟಿಗಳೆಲ್ಲ ಅವಳ ಮೇಜಿಗೆ ಬರುತ್ತಿದ್ದವು. ಮೇಜಿನ ಗಾಜಿನಡಿ ಒಂದು ಕೋಷ್ಟಕ: ಕಿವುಡು ನಲವತ್ತರಿಂದ ಐವತ್ತೈದು ಡೆಸಿಬಲ್ ಇದ್ದರೆ ಎರಡು ಅಂಕ, ಐವತ್ತೈದರಿಂದ ಎಪ್ಪತ್ತು ಇದ್ದರೆ ಮೂರು. ಮೂರು ಬಂದವರಿಗೆ ಅದೇ ವರ್ಷ ಶ್ರವಣಯಂತ್ರ ಪುಕ್ಕಟೆ. ಎರಡು ಬಂದವರು ಕಾಯಬೇಕು.

ಸರಿಯಾಗಿ ಐವತ್ತೈದೇ ಬಂದರೆ? ಅದು ಎರಡೂ ಸಾಲಿನಲ್ಲಿದೆ. ಚಿಕ್ಕಮ್ಮ ಯಾರನ್ನೂ ಕೇಳಲಿಲ್ಲ. ಮೇಲಿನಿಂದ ಓದುತ್ತಾ ಬಂದು ಮೊದಲು ಸಿಕ್ಕ ಸಾಲಿಗೇ ಹಾಕಿಬಿಡುತ್ತಿದ್ದಳು. ಕೇಳಿದರೆ ಕೆಲಸ ಬರುವುದಿಲ್ಲ ಅಂದುಕೊಂಡಾರು ಎಂಬ ಹಮ್ಮು. ಹಮ್ಮಿಗೆ ನಮ್ಮ ಮನೆತನದಲ್ಲಿ ಬರವಿಲ್ಲ.

ಅಪ್ಪ ಮೋಟರ್ ರಿಪೇರಿ ಮಾಡುತ್ತಿದ್ದರು. ಬಿಚ್ಚುವ ಮೊದಲೇ ಕಿವಿಗೊಟ್ಟು ಕೇಳಿ “ಬೇರಿಂಗ್ ಹೋಗಿದೆ” ಎನ್ನುತ್ತಿದ್ದ ಮನುಷ್ಯ. ಅವರ ಚೀಟಿಯಲ್ಲಿ ಬಂದದ್ದು ಐವತ್ತೈದು.

“ಒಂದು ಅಂಕ ತಾನೇ, ಹಾಕೇ” ಎಂದು ಅಮ್ಮ ತಂಗಿಯ ಮುಂದೆ ಗೋಗರೆದಳು.

“ಭಾವ ಅಂತ ಮೂರು ಕೊಟ್ರೆ, ನಾಳೆ ಆಫೀಸಲ್ಲಿ ತಲೆ ಎತ್ಕೊಂಡು ಓಡಾಡೋದು ಹೇಗಕ್ಕ?”

ಅಪ್ಪನೇ ನಡುವೆ ಬಂದರು. “ಬಿಡು, ಅವಳು ಹೇಳೋದೂ ಸರಿ. ಒಂದು ವರ್ಷ ತಾನೇ?”

ಒಂದು ಹೋಗಿ ಮೂರಾಯಿತು. ಅಷ್ಟರಲ್ಲಿ ಕಿವಿ ಇನ್ನೂ ಮಂದವಾಯಿತು. ಗಿರಾಕಿ ಹೇಳಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸಿ, ಒಬ್ಬರದರ ಬದಲು ಇನ್ಯಾರದೋ ಮೋಟರ್ ಬಿಚ್ಚಿಟ್ಟು, ಬೈಸಿಕೊಂಡು, ಕೊನೆಗೆ ಅಪ್ಪ ಅಂಗಡಿ ಮುಚ್ಚಿದರು. ಸರದಿ ಬಂದಾಗ ಡಾಕ್ಟರು, “ಈಗ ಯಂತ್ರ ಹಾಕಿದ್ರೂ ಬರೀ ಗದ್ದಲ ಕೇಳುತ್ತೆ, ಮಾತು ತಿಳಿಯಲ್ಲ” ಎಂದರು.

ಅದೇ ವರ್ಷ ಕೋಷ್ಟಕವನ್ನು ಕಂಪ್ಯೂಟರಿಗೆ ಹಾಕಿದರು. ಹಳೆಯ ಚೀಟಿಗಳನ್ನು ಅದಕ್ಕೆ ತುಂಬಿ ನೋಡಿದರೆ, ಹದಿನೇಳು ಕಡೆ ಚಿಕ್ಕಮ್ಮನ ಅಂಕ ತಾಳೆಯಾಗಲಿಲ್ಲ. ಹದಿನೇಳೂ ಐವತ್ತೈದೇ. ಆ ಕೋಷ್ಟಕ ಬಂದಿದ್ದ ಸರ್ಕಾರಿ ಆದೇಶದ ಎರಡನೇ ಹಾಳೆಯಲ್ಲಿ ಸ್ಪಷ್ಟವಾಗಿಯೇ ಇತ್ತು: ಸಾಲು ಶುರುವಾಗುವ ಅಂಕಿ ಆ ಸಾಲಿಗೇ ಸೇರಿದ್ದು. ಗಾಜಿನಡಿ ಇದ್ದದ್ದು ಮೊದಲ ಹಾಳೆ ಮಾತ್ರ.

ಚಿಕ್ಕಮ್ಮ ನೆಟ್ಟಗೆ ನಮ್ಮ ಮನೆಗೆ ಬಂದಳು. ಅಪ್ಪನ ಎದುರು ಕೂತು, “ಭಾವ, ನಿಮಗೆ ಮೂರು ಬರ್ಬೇಕಿತ್ತು. ತಪ್ಪು ನಂದು” ಎಂದಳು. ಅಪ್ಪ ನಕ್ಕರು. ಅವಳು ಅದನ್ನೇ ಕಿರುಚಿ ಹೇಳಿದಳು.

“ಹೂಂನಮ್ಮ, ಈಗಷ್ಟೇ ಊಟ ಆಯ್ತು” ಎಂದರು ಅಪ್ಪ.

ಅವಳನ್ನು ತಬ್ಬಿಕೊಳ್ಳಬೇಕೋ ಹೊರಗೆ ಅಟ್ಟಬೇಕೋ ನನಗೆ ತಿಳಿಯಲಿಲ್ಲ. ಅವಳು ಕಾಗದ ತೆಗೆದು ಬರೆಯಹೋದಳು. ಅಡುಗೆಮನೆಯಿಂದ ಬಂದ ಅಮ್ಮ ಪೆನ್ನು ಕಿತ್ತುಕೊಂಡಳು.

“ಬರೀಬೇಡ. ಇವರು ಇಷ್ಟು ವರ್ಷ ನೀನು ಮಾಡಿದ್ದೇ ಸರಿ ಅಂತ ನಂಬ್ಕೊಂಡಿದಾರೆ. ನಂಗೆ ಕೇಳಿಸ್ತು, ಸಾಕು.”