ಮಕ್ತಲ್ ಕೆರೆಯ ಹಕ್ಕಿ, ನನ್ನ ಸೆರಗು

ನಾರಾಯಣಪೇಟೆಯ ನಮ್ಮ ಮಗ್ಗದ ಮನೆಯಲ್ಲಿ ಸೀರೆಯ ಸೆರಗಿಗೆ ಹಕ್ಕಿ ಎಂದರೆ ನವಿಲು, ಇಲ್ಲವೇ ಗಿಳಿ. ನನಗೋ, ಚಳಿಗಾಲದಲ್ಲಿ ಮಕ್ತಲ್ ಕೆರೆಗೆ ಬರುವ, ತಲೆಯ ಮೇಲೆ ಎರಡು ಕಪ್ಪು ಪಟ್ಟೆಯಿರುವ ಬಾತನ್ನು ನೇಯುವ ಹುಚ್ಚು. ಅಂಥ ಹಕ್ಕಿಯೇ ಇಲ್ಲ ಎಂದು ಅಪ್ಪನ ವಾದ.

"ಫೋಟೋ ತಗೊಂಡು ಬಾ. ಅದರಾಗ ಏನು ಬರತೈತೋ ಅದನ್ನ ನೇಯಿ. ನಾ ಬ್ಯಾಡ ಅನ್ನಂಗಿಲ್ಲ," ಎಂದ.

ಊರಲ್ಲಿ ಡಬ್ಬಿ ಕ್ಯಾಮೆರಾ ಇದ್ದದ್ದು ಶಾಲೆಯ ಮಾಸ್ತರರ ಬಳಿ ಮಾತ್ರ. ರೀಲಿನ ಎಂಟು ಚಿತ್ರಗಳಲ್ಲಿ ಏಳನ್ನು ಅವರು ಮಾವನ ಮನೆಯವರಿಗೇ ಮುಗಿಸಿದ್ದರು. ಉಳಿದದ್ದು ಒಂದೇ. ಆಗ ನಿಜಾಮರ ರಾಜ್ಯ, ಶುಕ್ರವಾರ ಶಾಲೆಗೆ ರಜೆ. ಮಾಸ್ತರರು, ನಾನು, ಮೂವರು ಗೆಳೆಯರು ರೊಟ್ಟಿ ಕಟ್ಟಿಕೊಂಡು ಬಸ್ಸು ಹಿಡಿದೆವು.

ಐದು ಬಿಳಿ ಧೋತರಗಳು ದಂಡೆಗೆ ಇಳಿದ ಕೂಡಲೇ ಬಾತುಗಳೆಲ್ಲ ಆಚೆ ದಡಕ್ಕೆ ಹಾರಿ, ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನ ಹತ್ತಿರವೇ ಕೂತವು. ಅಜ್ಜನಿಗೆ ಹೆದರದ ಹಕ್ಕಿ ಅಜ್ಜನ ಕಂಬಳಿಗೂ ಹೆದರದು ಎಂದು ನನ್ನ ತಲೆ ಓಡಿತು. ಕೆರೆ ಸುತ್ತಿಹೋಗಿ ಕಂಬಳಿ ಬೇಡಿದೆವು. ಮಾಸ್ತರರನ್ನು ಅವರ ಹೊಟ್ಟೆ ತೆವಳಲು ಬಿಡಲಿಲ್ಲ, ಹಾಗಾಗಿ ಕ್ಯಾಮೆರಾ ನನ್ನ ಕೈಗೆ ಬಂತು.

ಕಂಬಳಿ ಹೊದ್ದು ತೆವಳಿದೆ. ಹಕ್ಕಿಗಳು ನಿಜಕ್ಕೂ ಕದಲಲಿಲ್ಲ. ಕದಲಿದ್ದು ಕುರಿಗಳು. ಒಡೆಯನ ಕಂಬಳಿ ಹೋದಲ್ಲಿಗೆ ಹೋಗಿಯೇ ಬೆಳೆದ ಹಿಂಡು ಇಡಿಯಾಗಿ ನನ್ನ ಬೆನ್ನು ಹತ್ತಿತು.

"ಏ ತಮ್ಮಾ, ಕಂಬಳಿ ತೆಗಿ! ನಾನಂತ ತಿಳಿದಾವ!" ಅಜ್ಜ ಕೂಗಿದ.

"ತೆಗೀಬ್ಯಾಡೋ, ಹಕ್ಕಿ ಹಾರತಾವ!" ಮಾಸ್ತರರು ಅದಕ್ಕಿಂತ ಜೋರಾಗಿ ಕೂಗಿದರು.

ಕ್ಯಾಮೆರಾದ ಕಿಂಡಿಯಲ್ಲಿ ಎರಡು ಪಟ್ಟೆಯ ತಲೆ ಕಂಡೇಬಿಟ್ಟಿತು! ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ. ಸರಿಯಾಗಿ ಅದೇ ಹೊತ್ತಿಗೆ ಒಂದು ಟಗರು ಮಗ್ಗುಲಿಂದ ಮೂತಿ ಚಾಚಿತು.

ಹೈದರಾಬಾದಿನಲ್ಲಿ ತೊಳೆಸಿದ ಚಿತ್ರ ಬಂದಾಗ ನನಗೆ ಅಳುವೇ ಬಂತು. ಮಸುಕಾಗಿದ್ದರೂ ಟಗರು ಟಗರೇ. ಅದರಾಚೆ ಏನೂ ಇರಲಿಲ್ಲ. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. ಪುಣ್ಯಾತ್ಮ ನಗಲೂ ಇಲ್ಲ.

"ಕೋಡು ಚಂದ ಅದಾವ. ಮಾತು ಕೊಟ್ಟೀನಿ, ನೇಯಿ."

ಸಿಟ್ಟಿನಲ್ಲೇ ನೇಯ್ದೆ. ಸೆರಗಿನ ತುಂಬ ಟಗರಿದ್ದ ಆ ಸೀರೆಯನ್ನು ಯಾವ ವ್ಯಾಪಾರಿಯೂ ಮುಟ್ಟಲಿಲ್ಲ. ಅವ್ವ ಅದನ್ನೇ ಉಟ್ಟು ಗದ್ವಾಲಿನ ಒಂದು ಮದುವೆಗೆ ಬಂದಳು. ಅದೋ ಸೀರೆ ನೇಯುವವರ ಊರು. ಹೆಂಗಸರೆಲ್ಲ ಸೆರಗು ಹಿಡಿದು, "ಇದೇನ್ರೀ ಅಕ್ಕಾ?" ಎಂದು ಕೇಳತೊಡಗಿದರು. ನಾನು ನಾಚಿಕೆಯಿಂದ ಕಂಬದ ಮರೆಗೆ ಸರಿದೆ.

ಅವ್ವ ಸೆರಗನ್ನು ಇನ್ನಷ್ಟು ಹರವಿ ಹಿಡಿದಳು.

"ನಮ್ಮ ಹುಡುಗನ ಹಕ್ಕಿರೀ. ಚಳಿಗಾಲದಾಗ ಮಕ್ತಲ್ ಕೆರೀಗೆ ಬರತೈತಿ."