ಪಾಸ್‌ವರ್ಡ್ ಕೇಳುವ ಅಂದಾನೆಪ್ಪ

ನಮ್ಮ ಹುನ್ನೂರಿನ ಅಂದಾನೆಪ್ಪ ವಿಮಾನದಿಂದ ಜಿಗಿದು ಜಿಗಿದು ನಿವೃತ್ತನಾದವನು. ಪ್ಯಾರಾಶೂಟ್ ಬ್ರಿಗೇಡಿನ ಸಿಗ್ನಲ್ ಕಂಪನಿಯಲ್ಲಿ ಹವಾಲ್ದಾರನಾಗಿದ್ದ. ಎರಡು ಸಾವಿರದ ಇಸವಿಯ ಸುಮಾರಿಗೆ ಊರಿಗೆ ಬಂದು ಮನೆಗೆ ಫೋನ್ ಹಾಕಿಸಿದ. ಪಕ್ಕದ ಮನೆಯವನಾದ ನನಗೂ ಅನುಕೂಲವಾಯಿತು ಅಂದುಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕಟ್ಟೆಗೆ ಕೂತರೆ ಅವನದು ಒಂದೇ ಪುರಾಣ. "ಎರಡನೇ ಮಹಾಯುದ್ಧದಾಗ ಬ್ರಿಟಿಷರು ಪ್ಯಾರಾ ಬ್ರಿಗೇಡ್ ಕಟ್ಟಿದಾಗನ ಸಿಗ್ನಲ್‌ನವ್ರು ಅದರ ಕೂಡ ಇದ್ರಲೇ. ವೈರಿ ಬೆನ್ನ ಹಿಂದ ಮಂದಿ ಆಕಾಶದಿಂದ ಬೀಳ್ತಾರ. ಒಬ್ಬ ಹೊಲದಾಗ, ಒಬ್ಬ ಹಳ್ಳದಾಗ. ಅವರನ್ನೆಲ್ಲಾ ಮಾತಿನಾಗ ಕೂಡಸಾವ್ರು ಯಾರು? ನಾವ!" ವೈರ್‌ಲೆಸ್ ಸೆಟ್ಟು ಕಟ್ಟಿಕೊಂಡು ಜಿಗಿಯುತ್ತಿದ್ದನಂತೆ. ನೆಲ ಸಮೀಪಿಸಿದಾಗ ಅದನ್ನು ಹಗ್ಗದಲ್ಲಿ ಕೆಳಗೆ ಇಳಿಬಿಡುತ್ತಿದ್ದನಂತೆ. ಬಿದ್ದ ಮೇಲೆ ಮೊದಲು ನೋಡುವುದು ಮೊಣಕಾಲನ್ನಲ್ಲ, ಸೆಟ್ಟನ್ನು. ಅದು ಕೆಟ್ಟರೆ ಬ್ರಿಗೇಡಿಯರ್ ಸಾಹೇಬನೂ ಮೂಕ.

ಇಲ್ಲಿಯವರೆಗೆ ಛಲೋ. ಆದರೆ ವೈರ್‌ಲೆಸ್ಸಿನಲ್ಲಿ ವೈರಿಯೂ ನಮ್ಮವನಂತೆ ಮಾತಾಡಬಹುದು. ಅದಕ್ಕೇ ಈ ಕಡೆಯವನು ಒಂದು ಶಬ್ದ ಅಂದರೆ ಆ ಕಡೆಯವನು ಅದರ ಜೋಡಿ ಶಬ್ದ ಹೇಳಬೇಕು. ಜೋಡಿ ದಿನಾ ಬದಲು. ಈ ಪದ್ಧತಿಯನ್ನು ಪುಣ್ಯಾತ್ಮ ಮನೆಯ ಫೋನಿಗೂ ತಂದ! ಬೆಳಗಿನ ಚಹಾದ ಹೊತ್ತಿಗೆ ಹೆಂಡತಿ ಮುದಕವ್ವನಿಗೂ ಮಗಳು ಅಂಜನಾಗೂ ಅಂದಿನ ಜೋಡಿ ಹೇಳುತ್ತಿದ್ದ. ಅದು ಗೊತ್ತಿಲ್ಲದವರ ಫೋನ್ ಕಟ್. ನನ್ನ ಷಡ್ಡಕನ ಫೋನೂ ಹೀಗೇ ಕಟ್ಟಾಯಿತು. ನನಗೆ ಈಗಲೂ ಸಿಟ್ಟಿದೆ.

ಬನಹಟ್ಟಿಯ ಮಗ್ಗದ ಮಾಲೀಕ ಗುರಪ್ಪ ತನ್ನ ಮಗ ಯುವರಾಜನಿಗೆ ಅಂಜನಾಳನ್ನು ನೋಡಿಕೊಂಡು ಹೋಗಿದ್ದ. ಹುಡುಗ ಹುಡುಗಿ ಒಬ್ಬರಿಗೊಬ್ಬರು ಮೆಚ್ಚಿದ್ದರು. ನಿಶ್ಚಯದ ದಿನ ಗೊತ್ತುಮಾಡಲು ಗುರಪ್ಪ ತಾನೇ ಫೋನ್ ಮಾಡಿದ.

"ಹಲೋ, ಬೀಗರ..."

"ಮೆಣಸಿನಕಾಯಿ," ಅಂದ ಅಂದಾನೆಪ್ಪ.

"ಏನ್ರಿ?"

"ಪಾಸ್‌ವರ್ಡ್ ಹೇಳ್ರಿ."

"ನಾ ಗುರಪ್ಪ ರೀ, ಬನಹಟ್ಟಿಯಿಂದ."

"ವೈರಿನೂ ಹಿಂಗ ಅಂತಾನ್ರಿ," ಎಂದು ಫೋನ್ ಇಟ್ಟೇಬಿಟ್ಟ.

ಮರುದಿನವೇ ಬನಹಟ್ಟಿಯಿಂದ ಸುದ್ದಿ ಬಂತು: ಇಂಥ ಬೀಗಸ್ತನ ಬೇಡವಂತೆ. ಹೋಗಿ ಸಮಾಧಾನ ಮಾಡು ಎಂದು ಮುದಕವ್ವ ಬಾಯಿಗೆ ಬಂದಂತೆ ಬೈದಳು. "ಕಾನೂನು ಅಂದ್ರ ಕಾನೂನು. ನಾ ಯಾಕ ಅವರ ಮನಿಗೆ ಹೋಗಲಿ?" ಅಂದ ಅಂದಾನೆಪ್ಪ. ಅಂಜನಾ ಮಾತ್ರ ಊಟ ಬಿಟ್ಟು ಕೂತಳು. ಅವಳ ಮುಖ ನೋಡಿ ನನಗೆ ಬಹಳ ಕೆಟ್ಟ ಅನಿಸಿತು.

ಎರಡು ದಿನದ ಮೇಲೆ ಸಂಜೆ ನಾನು ಅವರ ಮನೆಯಲ್ಲಿದ್ದಾಗಲೇ ಫೋನ್ ರಿಂಗಾಯಿತು.

"ಘಟಪ್ರಭಾ," ಅಂದ ಅಂದಾನೆಪ್ಪ.

"ಕಡ್ಲಿ," ಅಂದಿತು ಒಂದು ಗಂಡುದನಿ.

ಅಂದಾನೆಪ್ಪನ ಎದೆ ಉಬ್ಬಿತು. "ಭಲೇ! ಯಾರಪಾ ನೀ?"

"ಯುವರಾಜ ರೀ. ನಮ್ಮಪ್ಪ ತೇರದಾಳದಾಗ ಬ್ಯಾರೆ ಹೆಣ್ಣು ನೋಡಾಕತ್ತಾನ. ನಾಳೆ ನೀವು ಬಂದು ಸಮಾಧಾನ ಮಾಡ್ರಿ."

ಫೋನ್ ಇಟ್ಟವನು ಒಲೆಯ ಕಡೆ ತಿರುಗಿದ. ಅಂಜನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

"ಪಾಸ್‌ವರ್ಡ್ ಅವಗ ಯಾರು ಹೇಳಿದ್ರು?"

"ನಾನ ಅಪ್ಪಾ. ಮಧ್ಯಾಹ್ನ ಜಮಖಂಡಿಯ ಎಸ್‌ಟಿಡಿ ಬೂತಿನಿಂದ. ಅವನ್ನ ಬಿಟ್ಟು ಬ್ಯಾರೆಯವನ್ನ ನಾ ಆಗೂದಿಲ್ಲ."

ಪಲ್ಟನ್ನಿನಲ್ಲಿ ಗುಟ್ಟು ಬಿಟ್ಟುಕೊಟ್ಟವನಿಗೆ ಏನು ಶಿಕ್ಷೆಯೋ ಗೊತ್ತಿಲ್ಲ. ಇಲ್ಲಿ ಅಪ್ಪ ಮಗಳ ಮುಖವನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ, ಬನಹಟ್ಟಿಗೆ ಮೊದಲ ಬಸ್ ಎಷ್ಟಕ್ಕೆ ಎಂದು ನನ್ನನ್ನು ಕೇಳಿದ.

ಮರುದಿನ ಅಂದಾನೆಪ್ಪ, ಮುದಕವ್ವ, ನಾನು ಮೂವರೂ ಹೋದೆವು. ಗುರಪ್ಪ ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಕೈಯಿಟ್ಟು ಅಡ್ಡ ನಿಂತಿದ್ದ.

"ಪಾಸ್‌ವರ್ಡ್ ಹೇಳ್ರಿ."

ಒಳಗೆ ಮಗ್ಗಗಳು ನಿಂತವು. ಕೆಲಸದವರೆಲ್ಲ ಇಣುಕಿದರು. ಅಂದಾನೆಪ್ಪ ಹೆಂಡತಿಯ ಕಡೆ ನೋಡಿದ. ಮುದಕವ್ವ ಅವರ ಮನೆಯ ಮಾಳಿಗೆ ನೋಡತೊಡಗಿದಳು. ವಿಮಾನದ ಬಾಗಿಲಲ್ಲಿ ಹೆದರದವನಿಗೆ ಈ ಬಾಗಿಲಲ್ಲಿ ಬೆವರು ಬಂತು.

"ತಪ್ಪಾತ್ರಿ, ಬೀಗರ," ಅಂದ.

"ಬರೋಬರಿ ಐತಿ," ಎಂದು ಗುರಪ್ಪ ಕೈ ತೆಗೆದ. "ಒಳಗ ಬರ್ರಿ."